ಪರದೇಶಿಗಳಿಗೆ ಇಪ್ಪತ್ತೇಳು ಮನೆ

ನಮ್ಮ ವಿಜಯಪುರದ ಕಡೆ 'ಪರದೇಶಿ' ಅನ್ನೋ ಪದಕ್ಕೆ ಎರಡು ಅರ್ಥ. ಬೇರೆ ದೇಶದವನು ಅನ್ನೋದು ಪುಸ್ತಕದ ಅರ್ಥ. ಓಣಿಯಲ್ಲಿ ಆಡುವಾಗ ಅದರ ಅರ್ಥವೇ ಬೇರೆ: ದಿಕ್ಕಿಲ್ಲದವನು, ಹೇಳೋರು ಕೇಳೋರು ಯಾರೂ ಇಲ್ಲದವನು. 'ತಾಯಿ ಹೋದ ಮ್ಯಾಲ ಕೂಸು ಪರದೇಶಿ ಆತು' ಅಂತಾರೆ. ಆ ಕೂಸು ಊರಿನ ಅಗಸಿ ಕೂಡ ದಾಟಿರೋದಿಲ್ಲ. ಆದರೂ ಪರದೇಶಿ. ಊರು ಬಿಟ್ಟು ದೂರ ಇರೋದಕ್ಕೂ ಅನಾಥ ಆಗೋದಕ್ಕೂ ನಮ್ಮ ಭಾಷೆ ಒಂದೇ ಪದ ಇಟ್ಟುಕೊಂಡಿದೆ.

ಡಬ್ಲಿನ್ನಿನಲ್ಲೋ ಟೊರಾಂಟೊದಲ್ಲೋ ಇರುವ ಗೆಳೆಯರ ಹತ್ತಿರ ಮಾತಾಡಿದಾಗೆಲ್ಲ ಈ ಪದದ ಎರಡನೇ ಅರ್ಥ ನೆನಪಾಗುತ್ತೆ. ಸಂಬಳ ಚೆನ್ನಾಗಿದೆ, ಮನೆ ಬೆಚ್ಚಗಿದೆ, ವಿಡಿಯೊ ಕಾಲ್‌ನಲ್ಲಿ ಅವ್ವನ ಮುಖ ದಿನಾ ಕಾಣುತ್ತೆ. ಆದರೂ ಏನೋ ಇಲ್ಲ. ಆ 'ಏನೋ' ಅಂದರೆ ಏನು? 'ಕಮ್ಯುನಿಟಿ' ಅನ್ನುತ್ತೇವೆ. ಆ ಕಮ್ಯುನಿಟಿ ಯಾವುದರಿಂದ ಆಗುತ್ತೆ, ಅದಕ್ಕೆ ಯಾರು ಖರ್ಚು ಹಾಕಬೇಕು ಅಂತ ಕೇಳಿದರೆ ಉತ್ತರ ತಡವರಿಸುತ್ತೆ.

ಈ ಪ್ರಶ್ನೆಗೆ ಲೆಕ್ಕಾಚಾರದ ಸಮೇತ ಉತ್ತರ ಬರೆದಿಟ್ಟ ಊರೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಇಂಡಿ ತಾಲ್ಲೂಕಿನ ಸಾಲೋಟಗಿ. ಜೋಳದ ಹೊಲ, ಲಿಂಬೆಯ ತೋಟ, ಶಿವಯೋಗೀಶ್ವರರ ಗುಡಿ ಇರುವ ಊರು. ಸಾಲೋಟಗಿ ಅನ್ನೋ ಹೆಸರೊಳಗೇ ಒಂದು ಶಾಲೆ ಅಡಗಿದೆ. ಊರಿನ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿ ಶಾಲೆ ಆದ ಮೇಲೆ ಅದು ಶಾಲಾ ಪಾವಿಟ್ಟಗೆ. ಜನರ ಬಾಯಲ್ಲಿ ಸವೆದು ಸಾಲೋಟಗಿ.

ಆ ಶಾಲೆ ಶುರುವಾದದ್ದು ಕ್ರಿ.ಶ. 945ರಲ್ಲಿ. ಶಾಸನದ ಲೆಕ್ಕದಲ್ಲಿ ಶಕವರ್ಷ 867, ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣ. ಮಾನ್ಯಖೇಟದಲ್ಲಿ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣ ಆಳುತ್ತಿದ್ದ. ಅವನ ಸಂಧಿವಿಗ್ರಹಿ ನಾರಾಯಣ, ಬಿರುದು ಗಜಾಂಕುಶ. ಸಂಧಿವಿಗ್ರಹಿ ಅಂದರೆ ಬೇರೆ ರಾಜ್ಯಗಳ ಜೊತೆ ಸಂಧಿ ಮಾಡಬೇಕೋ ಯುದ್ಧ ಮಾಡಬೇಕೋ ಅಂತ ನೋಡುವ ಮಂತ್ರಿ. ಇವತ್ತಿನ ವಿದೇಶಾಂಗ ಸಚಿವ ಅಂದುಕೊಳ್ಳಿ. ಈ ನಾರಾಯಣ ಪಾವಿಟ್ಟಗೆಯವನಲ್ಲ. ಅವನ ಊರು ಕಾಂಚನ ಮುದುವೊಳಲು, ಬೇರೆಯೇ ಸೀಮೆ. ಬೇರೆ ಊರಿನ ಒಬ್ಬ ಮಂತ್ರಿ ಇಲ್ಲಿಗೆ ಬಂದು ತ್ರಯೀಪುರುಷರ, ಅಂದರೆ ತ್ರಿಮೂರ್ತಿಗಳ ಗುಡಿಯನ್ನೂ ಜೊತೆಗೊಂದು ಶಾಲೆಯನ್ನೂ ಕಟ್ಟಿಸಿದ. ಅಲ್ಲಿ ಓದಲು ಬೇರೆಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಇರುತ್ತಿದ್ದರು ಅಂತ ಶಾಸನವೇ ಹೇಳುತ್ತೆ. ಈ ಕಂಬದ ಬರಹ 19ನೇ ಶತಮಾನದ ಕೊನೆಯಲ್ಲಿ 'ಎಪಿಗ್ರಾಫಿಯಾ ಇಂಡಿಕಾ'ದ 4ನೇ ಸಂಪುಟದಲ್ಲಿ ಅಚ್ಚಾಯಿತು. ಆಮೇಲೆ ಪ್ರಾಚೀನ ಭಾರತದ ಶಿಕ್ಷಣದ ಬಗ್ಗೆ ಬರೆದ ಎ.ಎಸ್. ಅಲ್ತೇಕರ್ ಅಂಥವರು ಇದನ್ನು ಮತ್ತೆಮತ್ತೆ ಉದಾಹರಿಸಿದರು. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲೂ 'ರಾಷ್ಟ್ರಕೂಟರ ಕಾಲದ ವಿದ್ಯಾಕೇಂದ್ರಗಳು' ಅನ್ನೋ ಸಾಲಿನಲ್ಲಿ ಸಾಲೋಟಗಿಯ ಹೆಸರು ಬರುತ್ತೆ. ಪರೀಕ್ಷೆಗೆ ಒಂದು ಅಂಕ. ಮುಗೀತು.

ಆ ಶಾಸನವನ್ನು ಒಂದು ಬಜೆಟ್ ಓದಿದ ಹಾಗೆ ಓದಬೇಕು.

ಊರಿನ ಮುಖ್ಯಸ್ಥ ಚಕ್ರಾಯುಧಬುಧ ಮತ್ತು ಊರವರು ಶಾಲೆಗೆ 500 ನಿವರ್ತನ ಭೂಮಿ ಬಿಟ್ಟುಕೊಟ್ಟರು. ವಿದ್ಯಾರ್ಥಿಗಳು ಇರೋದಕ್ಕೆ 27 ನಿವೇಶನ, ಅಂದರೆ ವಾಸದ ಮನೆಗಳು. ದೀಪದ ಖರ್ಚಿಗೆ 12 ನಿವರ್ತನ. ಉಪಾಧ್ಯಾಯರಿಗೆ 50 ನಿವರ್ತನ, ಜೊತೆಗೊಂದು ಮನೆ. ಒಂದು ನಿವರ್ತನ ಇವತ್ತಿನ ಎಷ್ಟು ಎಕರೆ ಅನ್ನೋದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಅಳತೆ ಕಾಲಕ್ಕೊಂದು, ಸೀಮೆಗೊಂದು ಥರ ಇತ್ತು. ಎಕರೆ ಬಿಡಿ, ಅನುಪಾತ ನೋಡಿ. ಮುಖ್ಯ ಗುರುವಿನ ಜೀವನಕ್ಕೆ 50 ಇಟ್ಟವರು, ಬರೀ ದೀಪದ ಎಣ್ಣೆಗೆ 12 ಇಟ್ಟಿದ್ದಾರೆ. ಹೆಚ್ಚುಕಡಿಮೆ ಕಾಲು ಭಾಗ. ಸಂಜೆ ಆದ ಮೇಲೆ ಕತ್ತಲೆ ಕೋಣೆಯಲ್ಲಿ ಹೊರಗಿನ ಹುಡುಗ ಏನು ಮಾಡ್ತಾನೆ ಅಂತ ಯಾರೋ ಯೋಚನೆ ಮಾಡಿದ್ದಾರೆ. ಹಾಸ್ಟೆಲಿನಲ್ಲಿ ಇದ್ದವರಿಗೆಲ್ಲ ಗೊತ್ತು, ಹಗಲು ಹೇಗೋ ಕಳೆಯುತ್ತೆ. ಊರು ನೆನಪಾಗೋದು ಸಂಜೆಯ ಹೊತ್ತಿಗೇ.

ಇಲ್ಲಿಯವರೆಗಿನದು ದಾನ. ಇಂಥ ದಾನಗಳು ಕರ್ನಾಟಕದ ಎಷ್ಟೋ ಶಾಸನಗಳಲ್ಲಿ ಸಿಗುತ್ತವೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ವಿದ್ಯಾರ್ಥಿಗಳು, ಗುರುಗಳ ಜೊತೆಗೆ ಆರು ಜನ ಗ್ರಂಥಪಾಲಕರಿಗೂ ಭೂಮಿ ಇಟ್ಟಿದ್ದಾರೆ. ಅವರ ಹುದ್ದೆಯ ಹೆಸರು ಸರಸ್ವತಿ ಭಂಡಾರಿಗ. ಸಾಲೋಟಗಿಯ ಶಾಸನ ದಾನದಿಂದ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಊರಿನ ಮನೆಗಳಲ್ಲಿ ಮದುವೆ ಆದರೆ ಶಾಲೆಗೆ ಐದು ನಾಣ್ಯ, ಉಪನಯನ ಆದರೆ ಎರಡೂವರೆ, ಮಗುವಿನ ಚೌಲ ಆದರೆ ಒಂದೂಕಾಲು ಕೊಡಬೇಕು. ಊರಲ್ಲಿ ಯಾರಾದರೂ ಸಂತರ್ಪಣೆ ಮಾಡಿದರೆ, ಶಾಲೆಯ ಗುರುಗಳನ್ನೂ ವಿದ್ಯಾರ್ಥಿಗಳನ್ನೂ ತಮ್ಮ ಕೈಲಾದಷ್ಟು ಮಂದಿ ಕರೆದು ಉಣ್ಣಿಸಬೇಕು.

ಈ ಕಟ್ಟಳೆ ಬರೆದವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತೆ. ಪರಊರಿನಲ್ಲಿ ಇರುವವನಿಗೆ ಕಷ್ಟದ ದಿನ ಯಾವುದು? ಜ್ವರ ಬಂದ ದಿನ ಅಂತೀರಿ, ಅದು ಸರಿ. ಅದಕ್ಕಿಂತ ಕಷ್ಟದ್ದು ಪಕ್ಕದ ಮನೆಯಲ್ಲಿ ಹಬ್ಬ ಇರುವ ದಿನ. ವಾಲಗ ಕೇಳಿಸುತ್ತೆ, ಹೋಳಿಗೆಯ ವಾಸನೆ ಬರುತ್ತೆ, ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು ಓಡಾಡ್ತಾರೆ. ನೀವು ಕಿಟಕಿಯಿಂದ ನೋಡ್ತೀರಿ. ಆ ಸಂಭ್ರಮದಲ್ಲಿ ನಿಮ್ಮ ಪಾಲಿಲ್ಲ. ಸಾಲೋಟಗಿಯ ಜನ ಸರಿಯಾಗಿ ಆ ದಿನವನ್ನೇ ಹಿಡಿದರು. ಊರಿಗೆ ಸಂತೋಷ ಬಂದಾಗೆಲ್ಲ ಅದರಲ್ಲಿ ಒಂದು ಪಾಲು ಹೊರಗಿನ ಹುಡುಗರಿಗೆ ಸಲ್ಲಬೇಕು. ಕರುಣೆ ಹುಟ್ಟಿದರೆ ಕರೆಯಿರಿ ಅಂತ ಇಲ್ಲ, ಕರೆಯಬೇಕು ಅಂತ ಕಲ್ಲಿನಲ್ಲಿ ಬರೆದಿದೆ. ಲೆಕ್ಕ ಇನ್ನೊಂದು ರೀತಿಯಲ್ಲೂ ಚೆಂದ ಇದೆ. ಊರಿನಲ್ಲಿ ಮದುವೆ ಹೆಚ್ಚಾದಷ್ಟೂ ಶಾಲೆಗೆ ಆದಾಯ ಹೆಚ್ಚು. ಅಂದರೆ ಯಾವುದೋ ದೂರದ ಜನಪದದ ಹುಡುಗ, ಈ ಊರಿನ ಗುರುತಿಲ್ಲದ ಹೆಣ್ಣುಮಗಳ ಮದುವೆ ಚೆನ್ನಾಗಿ ಆಗಲಿ ಅಂತ ಮನಸಾರೆ ಹಾರೈಸೋದಕ್ಕೆ ಒಂದು ಕಾರಣ ಇತ್ತು.

ಆ ಹುಡುಗರು ಏನಂದುಕೊಂಡರೋ ಶಾಸನದಲ್ಲಿಲ್ಲ. ಅವರ ಹೆಸರುಗಳೂ ಇಲ್ಲ. ದಾನ ಕೊಟ್ಟವರ ಗೋತ್ರ, ಬಿರುದು ಎಲ್ಲ ಇದೆ. ಉಂಡವರದ್ದು ಒಂದೂ ಇಲ್ಲ.

ಈ ಕಥೆಯನ್ನು ಹೊಗಳಿ ನಿಲ್ಲಿಸಿಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ. ಸಾಲೋಟಗಿಯ 27 ಮನೆ ಯಾರಿಗೆ? ವೇದ, ಶಾಸ್ತ್ರ ಓದುವ ಬ್ರಾಹ್ಮಣ ವಿದ್ಯಾರ್ಥಿಗಳಿಗೆ. ಆ 500 ನಿವರ್ತನ ಉತ್ತು ಬಿತ್ತಿದವರ ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರ. ದೂರದ ಜನಪದದಿಂದ ಬಂದವನಿಗೆ ಮನೆ ಸಿಕ್ಕಿತು, ಹತ್ತಿರದ ಕೇರಿಯವನಿಗೆ ಸಿಗಲಿಲ್ಲ. ಸ್ವಂತ ಊರಿನಲ್ಲೇ ಪರದೇಶಿ ಅನ್ನೋ ನಮ್ಮ ಕಡೆಯ ಮಾತು ಇವರಿಗೆ ಸರಿಯಾಗಿ ಹೊಂದುತ್ತೆ.

ಸುಮಾರು ಎರಡು ಶತಮಾನದ ನಂತರ ಇದೇ ಸೀಮೆಯ ಒಬ್ಬ ಹುಡುಗ ಮನೆ ಬಿಟ್ಟ. ಬಾಗೇವಾಡಿಯ ಬಸವಣ್ಣ. ಅಲ್ಲಿಂದ ಕೂಡಲಸಂಗಮ, ಆಮೇಲೆ ಮಂಗಳವೇಢೆ, ಕಲ್ಯಾಣ. ಕಲ್ಯಾಣದಲ್ಲಿ ಅವರ ಮನೆಗೆ ಹೆಸರೇ ಮಹಾಮನೆ. ಅಲ್ಲಿಗೆ ಬಂದವರ ಪಟ್ಟಿ ಕೇಳಿದರೆ ಆಶ್ಚರ್ಯ ಆಗುತ್ತೆ. ಪರಂಪರೆಯ ಕಥೆಗಳ ಪ್ರಕಾರ ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದವರು, ಆದಯ್ಯ ಸೌರಾಷ್ಟ್ರದಿಂದ, ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯಿಂದ. ಮಾರಯ್ಯ ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿದರು, ಆದಯ್ಯ ವ್ಯಾಪಾರ ಮಾಡಿದರು. ಹೊರಗಿನವರು ಇಲ್ಲಿ ಉಂಡುಕೊಂಡಷ್ಟೇ ಇರಲಿಲ್ಲ, ದುಡಿದರು, ಕನ್ನಡದಲ್ಲಿ ವಚನ ಬರೆದರು. ಸಾಲೋಟಗಿಯ ಊಟಕ್ಕೆ ಜಾತಿಯ ಬಾಗಿಲಿತ್ತು. ಮಹಾಮನೆಯ ದಾಸೋಹ ಆ ಬಾಗಿಲನ್ನು ತೆಗೆಯಲು ಹೋಯಿತು. ಅದಕ್ಕೆ ಎಂಥ ಬೆಲೆ ತೆರಬೇಕಾಯಿತು ಅನ್ನೋದು ಕಲ್ಯಾಣದ ಕ್ರಾಂತಿ ಓದಿದವರಿಗೆಲ್ಲ ಗೊತ್ತು.

ಹೊರಗಿನ ಹುಡುಗನಿಗೆ ಊಟ ಹಾಕುವ ರೂಢಿ ಆಮೇಲೂ ಬೇರೆಬೇರೆ ರೂಪದಲ್ಲಿ ಉಳಿಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಇತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹಾಗೆ ಉಂಡು ಓದಿದ ದಿನಗಳ ಬಗ್ಗೆ ಎಸ್.ಎಲ್. ಭೈರಪ್ಪ ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ಬರೆದಿದ್ದಾರೆ. ವಾರಾನ್ನದಲ್ಲಿ ಹೊಟ್ಟೆ ತುಂಬುತ್ತಿತ್ತು, ಜೊತೆಗೆ ಅವಮಾನವೂ ಆಗುತ್ತಿತ್ತು. ಕೊಡುವವರ ಮನಸ್ಸಿನ ಮೇಲೆ ಎಲ್ಲವೂ ನಿಂತಿದ್ದರೆ ಹಾಗೇ ಆಗೋದು. ಅದಕ್ಕೇ 20ನೇ ಶತಮಾನದಲ್ಲಿ ಬೋರ್ಡಿಂಗುಗಳು, ಮಠದ ಪ್ರಸಾದ ನಿಲಯಗಳು ಬಂದವು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಒಂದೊಂದೇ ಸಮುದಾಯಕ್ಕೆ ವಿದ್ಯಾರ್ಥಿನಿಲಯ ತೆರೆಯುತ್ತ ಹೋದರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುವ ಪಂಕ್ತಿ ಇವತ್ತಿಗೂ ನಡೆದಿದೆ.

ನಮ್ಮ ವಿಜಯಪುರದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ಫ.ಗು. ಹಳಕಟ್ಟಿ. ಅವರೂ ಈ ಊರಿನವರಲ್ಲ. ಹುಟ್ಟಿದ್ದು 1880ರಲ್ಲಿ ಧಾರವಾಡದಲ್ಲಿ. ಓದಿದ್ದು ಮುಂಬಯಿಯಲ್ಲಿ, ಮರಾಠಿ ಗುಜರಾತಿ ಮಾತಿನ ನಡುವೆ. ವಕೀಲರಾಗಿ ವಿಜಯಪುರಕ್ಕೆ ಬಂದು 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದರು, ಹಳ್ಳಿಹಳ್ಳಿ ತಿರುಗಿ ವಚನದ ತಾಳೆಗರಿ ಹುಡುಕಿ ಅಚ್ಚು ಹಾಕಿಸಿದರು. ಪರಊರಿನಲ್ಲಿ ಕಳೆದ ವರ್ಷಗಳು ಮನುಷ್ಯನನ್ನು ಎರಡು ರೀತಿ ಮಾಡಬಹುದು. ಕೆಲವರು ಹಳೆಯ ಊರನ್ನು ನೆನೆಸಿಕೊಂಡು ಕೂರ್ತಾರೆ. ಕೆಲವರು ತಾವು ನಿಂತ ಊರನ್ನೇ ಊರು ಮಾಡ್ತಾರೆ. ಹಳಕಟ್ಟಿಯವರು ಎರಡನೇ ಥರದವರು.

ಈಗ ಲೆಕ್ಕ ತಿರುವಿ ನೋಡೋಣ. ಹತ್ತನೇ ಶತಮಾನದಲ್ಲಿ ಹೊರಗಿನವರನ್ನು ಕರೆದುಕೊಂಡ ಸೀಮೆ ಇವತ್ತು ತನ್ನವರನ್ನು ಹೊರಗೆ ಕಳಿಸುವ ಸೀಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಬಸ್‌ಸ್ಟ್ಯಾಂಡಿಗೆ ಹೋದರೂ ಪುಣೆಗೋ ಗೋವಾಕ್ಕೋ ಮುಂಬಯಿಗೋ ಹೊರಟ ಗಂಟುಮೂಟೆ ಕಾಣುತ್ತೆ. ಮಳೆ ಕೈಕೊಟ್ಟ ವರ್ಷ ಜಾಸ್ತಿ. ಇದನ್ನು ಗುಳೆ ಅಂತೀವಿ. 'ಮೈಗ್ರೇಶನ್' ಅನ್ನೋದು ನಮ್ಮಂಥ ಲ್ಯಾಪ್‌ಟಾಪಿನವರಿಗೆ. ಗಂಟಿನಲ್ಲಿ ಮಾತ್ರ ವ್ಯತ್ಯಾಸ ಇಲ್ಲ. ಅಲ್ಲಿಯೂ ಕಟಕ ರೊಟ್ಟಿ, ಶೇಂಗಾ ಹಿಂಡಿ. ಏರ್‌ಪೋರ್ಟಿನ ಸೂಟ್‌ಕೇಸಿನಲ್ಲಿಯೂ ಕಟಕ ರೊಟ್ಟಿ, ಶೇಂಗಾ ಹಿಂಡಿ.

ಹಾಗೆ ಹೊರಟವರಿಗೆ ಅಲ್ಲಿ ಏನು ಸಿಕ್ಕಿತು? ಮುಂಬಯಿಯ ಕಥೆ ಒಂದು ಒಳ್ಳೆಯ ಕಥೆ. ಕರಾವಳಿಯ ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. 1908ರಲ್ಲಿ ರಾತ್ರಿ ಶಾಲೆ ತೆರೆದರು. ಅದರ ಹಿಂದೆಯೇ ಮುಂಬಯಿಯಲ್ಲಿ ಇನ್ನೂ ಎಷ್ಟೋ ಕನ್ನಡ ರಾತ್ರಿ ಶಾಲೆಗಳು ಬಂದವು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಕಪ್ಪು ಬಸಿ ತೊಳೆದ ಹುಡುಗರು ಸಂಜೆ ಬಂದು ಕನ್ನಡ ಹಲಗೆಯ ಮುಂದೆ ಕೂತರು. ಹಾಗೆ ಓದಿದವರಲ್ಲಿ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ತಾವೇ ಹೋಟೆಲ್ ಮಾಲೀಕರಾದರು. ಸಾಲೋಟಗಿಯವರು ದೀಪಕ್ಕೆ ಅಂತ ಹೊಲ ತೆಗೆದಿಟ್ಟದ್ದು ಯಾಕೆ ಅಂತ ಕೇಳಿದರೆ ಈ ಹುಡುಗರನ್ನು ತೋರಿಸಬಹುದು.

ಗೋವಾದ ಕಥೆ ಬೇರೆ. ವಾಸ್ಕೋ ಪಕ್ಕದ ಬೈನಾ ಕಡಲತೀರದಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರ ಕುಟುಂಬಗಳು ವರ್ಷಗಟ್ಟಲೆ ನೆಲೆಸಿದ್ದವು. ಗೋವಾದ ರಸ್ತೆ, ಕಟ್ಟಡಗಳಲ್ಲಿ ಅವರ ಬೆವರಿದೆ. 2004ರ ಜೂನ್‌ನಲ್ಲಿ, ಕೋರ್ಟಿನ ಆದೇಶದ ನಂತರ, ಮಳೆಗಾಲದ ಹೊತ್ತಿಗೆ ಅಲ್ಲಿನ ಮನೆಗಳನ್ನು ಬುಲ್ಡೋಜರ್ ತಂದು ಕೆಡವಿದರು. ಅವು ಅಕ್ರಮ ಮನೆಗಳು ಅನ್ನೋದು ಕಾನೂನಿನ ಮಾತು. ಒಂದು ಊರು ಹೊರಗಿನವರ ದುಡಿಮೆ ಬೇಕು ಅಂದು, ಅವರು ಇರೋದಕ್ಕೆ ಸಕ್ರಮವಾದ ಜಾಗ ಎಲ್ಲಿ ಅಂತ ಎಂದೂ ಯೋಚಿಸದೆ ಇದ್ದರೆ, ಕೊನೆಗೆ ಹೀಗೇ ಆಗುತ್ತೆ. ಪಾವಿಟ್ಟಗೆಯ ಜನ ಆ ಕೆಲಸವನ್ನು ಮೊದಲೇ ಮಾಡಿದ್ದರು. ಹುಡುಗರು ಬರ್ತಾರೆ, ಹಾಗಾದರೆ 27 ಮನೆ ಬೇಕು.

ಇನ್ನು ಕಡಲು ದಾಟಿದವರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಶುರುವಾಗಿದ್ದು 1973ರಲ್ಲಿ, ಸಿಲಿಕಾನ್ ವ್ಯಾಲಿಗೆ ಸಾಫ್ಟ್‌ವೇರಿನ ಪ್ರವಾಹ ಬರುವ ಎಷ್ಟೋ ಮೊದಲು. ಈಗ ದೊಡ್ಡ ಊರುಗಳಲ್ಲೆಲ್ಲ ಒಂದು ಕೂಟ ಇದೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಮಕ್ಕಳಿಗೆ ವಾರಾಂತ್ಯದ ಕನ್ನಡ ತರಗತಿ. ಬಾಡಿಗೆ ಹಾಲ್, ಸದಸ್ಯತ್ವದ ಫೀಸು, ಅಡುಗೆಗೆ ಸರದಿ. ಇದನ್ನು ನೋಡಿ 'ಅಲ್ಲಿಗೆ ಹೋಗಿಯೂ ಬಿಸಿಬೇಳೆಬಾತೇನಾ' ಅಂತ ನಗುವವರಿದ್ದಾರೆ. ನಾನು ನಗಲ್ಲ. ಮದುವೆಗೆ ಐದು ನಾಣ್ಯದ ಕಟ್ಟಳೆಗೂ ವರ್ಷದ ಫೀಸಿಗೂ ದೊಡ್ಡ ಅಂತರವಿಲ್ಲ. ಭಾವನೆ ಎಲ್ಲರಿಗೂ ಇರತ್ತೆ. ಹಾಲ್ ಬುಕ್ ಮಾಡೋದು, ಚಾಪೆ ಹಾಸೋದು, ಕೊನೆಗೆ ಪಾತ್ರೆ ತೊಳೆಯೋದು ಕೆಲವರೇ ಮಾಡ್ತಾರೆ. ಕೂಟ ಉಳಿದಿರೋದು ಅವರಿಂದ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣ ಆಯಿತು. ಅದರ ಹಿಂದೆ ಇದ್ದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ. ಬಾಗೇವಾಡಿ ಬಿಟ್ಟ ಹುಡುಗ ಅಷ್ಟು ದೂರ ಹೋದ ಅಂತ ನಮಗೆ ಹೆಮ್ಮೆ. ಆದರೆ ಆ ಜಾಗ ಸಿಗೋದಕ್ಕೆ, ಹೊರಗಿನಿಂದ ಬಂದ ವೈದ್ಯನೊಬ್ಬನನ್ನು ತನ್ನ ಮೇಯರ್ ಅಂತ ಒಪ್ಪಿಕೊಂಡ ಒಂದು ಊರೂ ಬೇಕಾಯಿತು. ಹೆಮ್ಮೆಯ ಭಾಷಣಗಳಲ್ಲಿ ಈ ಮಾತು ಬಿಟ್ಟುಹೋಗುತ್ತೆ.

ನನ್ನ ಮಾತು ಇಷ್ಟೇ. ಹೊರಗೆ ಹೋದಾಗ ನಾವು ಕಟ್ಟಿಕೊಳ್ಳುವ ಕೂಟ ನಮ್ಮವರಿಂದ ನಮ್ಮವರಿಗೆ. ಅದು ಬೇಕು, ತಪ್ಪಲ್ಲ. ಸಾಲೋಟಗಿಯದು ಅದಕ್ಕಿಂತ ಕಷ್ಟದ ಕೆಲಸ. ಅಲ್ಲಿ ಪರದೇಶಿಗಳು ಸೇರಿ ತಮಗಾಗಿ ಕಟ್ಟಿಕೊಂಡದ್ದಲ್ಲ. ಊರಿನವರು ಬರುವವರಿಗಾಗಿ ಕಟ್ಟಿದ್ದು. ಜಾತಿಯ ಮಿತಿಯೊಳಗೇ ಕಟ್ಟಿದರು, ನಿಜ. ಆದರೆ ಬಂದವನ ಒಂಟಿತನ ಬಂದವನ ತಲೆನೋವು ಅಂತ ಬಿಡಲಿಲ್ಲ. ಅದನ್ನು ಊರಿನ ಖರ್ಚಿನ ಪಟ್ಟಿಗೆ ಸೇರಿಸಿಕೊಂಡರು.

ಇವತ್ತು ಬೆಂಗಳೂರು ಇಡೀ ದೇಶದ ಪಾವಿಟ್ಟಗೆ. ಬೇರೆಬೇರೆ ಜನಪದದ ಹುಡುಗರು, ಈಗ ಹುಡುಗಿಯರೂ, ಪಿಜಿಗಳಲ್ಲಿ ತುಂಬಿದ್ದಾರೆ. ಅವರಲ್ಲಿ ಇಂಡಿಯವರೂ ಇದ್ದಾರೆ, ಇಂಫಾಲಿನವರೂ ಇದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪುಗಳಲ್ಲಿ ಅವರ ಬಗ್ಗೆ ನಡೆಯುವ ಚರ್ಚೆ ನಿಮಗೂ ಗೊತ್ತು: ಬ್ಯಾಚುಲರ್ಸಿಗೆ ಮನೆ ಕೊಡಬೇಕೋ ಬೇಡವೋ, ಲಿಫ್ಟ್ ಯಾವುದು ಬಳಸಬೇಕು, ಏನು ಬೇಯಿಸಬಾರದು. ಕನ್ನಡ ಕಲಿಯಲಿ ಅಂತೀವಿ, ಕಲಿಯಲೇಬೇಕು. ಆದರೆ ಭಾಷೆ ಬರೋದು ಊಟದ ಪಂಕ್ತಿಯಲ್ಲಿ, 'ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಪ್ಪ' ಅನ್ನುವಾಗ. ಮೋಳಿಗೆ ಮಾರಯ್ಯ ವಚನ ಬರೆದದ್ದು ಅಂಥ ಕಡೆ ಕೂತ ಮೇಲೆ.

ಹಾಗಂತ ಎಲ್ಲರೂ ಹೊಲ ಬರೆದುಕೊಡೋದಕ್ಕೆ ಆಗಲ್ಲ. ಮನೆಯಲ್ಲಿ ಮದುವೆ ಇದ್ದಾಗ, ನಾಮಕರಣ ಇದ್ದಾಗ, ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಇಬ್ಬರು ಹುಡುಗರಿಗೂ ಒಂದು ಕರೆ ಹೇಳಬಹುದು. ಆಫೀಸಿನಲ್ಲಿ ಯುಗಾದಿಗೆ ರಜೆ ಹಾಕುವ ಮುಂಚೆ, ಊರಿಗೆ ಹೋಗಲಾಗದೆ ಉಳಿದ ಸಹೋದ್ಯೋಗಿ ಅವತ್ತು ಎಲ್ಲಿ ಉಣ್ತಾನೆ ಅಂತ ಕೇಳಬಹುದು. ಮನೆ ಕೆಲಸಕ್ಕೆ, ಸೆಕ್ಯೂರಿಟಿಗೆ ಬರುವವರೂ ಊರು ಬಿಟ್ಟು ಬಂದವರೇ ಅನ್ನೋದು ಲೆಕ್ಕದಲ್ಲಿರಲಿ. ಸಾಲೋಟಗಿಯ ಕಟ್ಟಳೆಯಲ್ಲಿ ಬಿಟ್ಟುಹೋದವರು ಇಂಥವರೇ.

ನಾರಾಯಣ ಕಟ್ಟಿಸಿದ ಶಾಲೆ ಹಾಗೇ ಉಳಿಯಲಿಲ್ಲ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆಯೇ ಮುಗಿಯಿತು. ಶಾಲೆಯ ಕಟ್ಟಡವೂ ಬಿದ್ದುಹೋಯಿತು. 11ನೇ ಶತಮಾನದ ಹೊತ್ತಿಗೆ ಸ್ಥಳೀಯ ಸಾಮಂತನೊಬ್ಬ ಅದನ್ನು ಮತ್ತೆ ಎತ್ತಿ ಕಟ್ಟಿಸಿದ. ಅದೇ ಕಂಬದ ಮೇಲಿನ ಕನ್ನಡ ಬರಹ ಇದನ್ನು ಹೇಳುತ್ತೆ. ಮೊದಲು ಕಟ್ಟಿದ ರಾಜ್ಯ ಹೋಗಿತ್ತು, ಮಂತ್ರಿ ಸತ್ತಿದ್ದ. ಆದರೂ ಹೊರಗಿನ ಹುಡುಗರಿಗೆ ಸೂರು ಬೇಕು ಅಂತ ಯಾರಿಗೋ ಅನ್ನಿಸಿತು. ಆ ಎರಡನೇ ಶಾಲೆಯೂ ಈಗಿಲ್ಲ. ಇಂಡಿಯಿಂದ ಹೊರಟ ಬಸ್ಸಿನ ಕಂಡಕ್ಟರ್ 'ಯಾರ್ರೀ ಸಾಲೋಟಗಿ' ಅಂತ ಕೂಗಿದಾಗ ಆ ಹೆಸರಿನ ಮೊದಲ ಎರಡಕ್ಷರದಲ್ಲಿ ಮಾತ್ರ ಅದು ಇನ್ನೂ ಇದೆ.